ಮಗುವಿಗೆ ಸ್ಟ್ರೋಲರ್ ಆರಿಸುವುದು ಹೇಗೆ: ಮೊದಲು ದಾರಿ ನೋಡಿ, ಆಮೇಲೆ ಗಾಡಿ

ನಮ್ಮ ಮೊದಲ ಮಗುವಿಗೆ ಕೊಂಡ ಸ್ಟ್ರೋಲರ್ 13 ಕೆ.ಜಿ. ತೂಗುತ್ತಿತ್ತು. ಅಂಗಡಿಯ ನುಣುಪು ನೆಲದಲ್ಲಿ ಒಂದೇ ಬೆರಳಿಗೆ ಸರಿಯುತ್ತಿದ್ದ ಗಾಡಿ ಅದು. ನಾವಿದ್ದದ್ದು ಲಿಫ್ಟ್ ಇಲ್ಲದ ಕಟ್ಟಡದ ಎರಡನೇ ಮಹಡಿಯಲ್ಲಿ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಗಾಡಿ ಹಿಡಿದು ಮೆಟ್ಟಿಲು ಇಳಿಯುವುದು ಒಬ್ಬರಿಂದ ಆಗುವ ಕೆಲಸವಾಗಿರಲಿಲ್ಲ. ಹೊರಗೆ ಹೋಗಬೇಕೆಂದರೆ ಇಬ್ಬರೂ ಮನೆಯಲ್ಲಿರುವ ಹೊತ್ತಿಗೆ ಕಾಯಬೇಕಿತ್ತು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಗಾಡಿ ಮೆಟ್ಟಿಲಡಿಯ ಮೂಲೆ ಸೇರಿತು. ಅದರಲ್ಲಿ ದೋಷವೇನೂ ಇರಲಿಲ್ಲ. ನಮ್ಮ ದಾರಿಗೆ ಅದು ಹೇಳಿ ಮಾಡಿಸಿದ್ದಲ್ಲ, ಅಷ್ಟೆ.

ಆಮೇಲೆ ಎರಡನೇ ಮಗುವಿಗೆ, ತಂಗಿಯ ಮಗುವಿಗೆ, ಕೆಲವು ಗೆಳೆಯರ ಮಕ್ಕಳಿಗೆ ಗಾಡಿ ಆರಿಸುವಾಗ ಜೊತೆಗಿದ್ದೆ. ಆಗ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಈ ಕ್ರಮ ತಪ್ಪಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ನಮ್ಮಲ್ಲಿ ಹೆಚ್ಚಿನವರು ಬಣ್ಣ ಮತ್ತು ಹೆಸರಿನಿಂದ ಶುರು ಮಾಡಿ, ಮೆಟ್ಟಿಲು ನೆನಪಾಗುವಷ್ಟರಲ್ಲಿ ಗಾಡಿ ಮನೆಗೆ ತಂದಿರುತ್ತೇವೆ.

ಹಂತ 1: ಒಂದು ವಾರ ನಿಮ್ಮ ದಾರಿಯನ್ನು ಗಮನಿಸಿ

ಒಂದು ಅಳತೆ ಟೇಪು, ಒಂದು ಚೀಟಿ ಸಾಕು. ಮಗು ಹುಟ್ಟುವ ಮೊದಲೇ ಈ ಕೆಲಸ ಮುಗಿಸಿದರೆ ಒಳ್ಳೆಯದು, ಆಮೇಲೆ ಪುರುಸೊತ್ತು ಸಿಗುವುದಿಲ್ಲ.

ಮನೆಯ ಅತಿ ಕಿರಿದಾದ ಬಾಗಿಲು ಎಷ್ಟು ಸೆಂಟಿಮೀಟರ್ ಅಗಲ? ಲಿಫ್ಟ್ ಇದ್ದರೆ ಅದರ ಬಾಗಿಲು ಮತ್ತು ಒಳಗಿನ ಆಳ ಎಷ್ಟು? ಒಂದು ಮಗುವಿನ ಗಾಡಿಗಳು ಸಾಮಾನ್ಯವಾಗಿ 50ರಿಂದ 60 ಸೆಂ.ಮೀ. ಅಗಲ ಇರುತ್ತವೆ. ಬಾಗಿಲಲ್ಲಿ ಇವು ಸಲೀಸಾಗಿ ನುಗ್ಗಿದರೂ ಲಿಫ್ಟಿನ ಆಳದಲ್ಲಿ ಸಿಕ್ಕಿಹಾಕಿಕೊಳ್ಳುವುದುಂಟು. ಮನೆಯಿಂದ ರಸ್ತೆಗೆ ಎಷ್ಟು ಮೆಟ್ಟಿಲು ಎಂದು ಎಣಿಸಿ. ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತದೆ ಎಂದು ನಿರ್ಧರಿಸಿ, ಆ ಜಾಗದ ಉದ್ದ, ಅಗಲ, ಎತ್ತರ ಬರೆದುಕೊಳ್ಳಿ. ಕಾರಿದ್ದರೆ ಡಿಕ್ಕಿಯನ್ನೂ ಅಳೆಯಿರಿ. ಅಳೆಯುವಾಗ ಡಿಕ್ಕಿಯಲ್ಲಿ ಯಾವಾಗಲೂ ಇರುವ ಸಾಮಾನನ್ನು ತೆಗೆದಿಡಬೇಡಿ, ಅದು ನಾಳೆಯೂ ಅಲ್ಲೇ ಇರುತ್ತದೆ.

ಆಮೇಲೆ ಹೊರಗಿನ ದಾರಿ. ವಾರದಲ್ಲಿ ಮೂರಕ್ಕಿಂತ ಹೆಚ್ಚು ಸಲ ಹೋಗುವ ಜಾಗಗಳು ಯಾವುವು? ಅಲ್ಲಿಗೆ ಹೋಗುವಾಗ ಕಾಲಡಿ ಸಿಗುವುದು ನುಣುಪು ಕಲ್ಲೋ, ಒಡೆದ ಕಾಂಕ್ರೀಟೋ, ಮಣ್ಣೋ, ಜಲ್ಲಿಯೋ? ಪಾದಚಾರಿ ದಾರಿ ಎಷ್ಟು ಕಡೆ ತುಂಡಾಗಿದೆ, ಅಂಚುಗಲ್ಲು ಎಷ್ಟು ಎತ್ತರ? ಬಸ್ಸು, ರೈಲು ಹತ್ತಬೇಕೆ? ಹತ್ತಬೇಕಾದರೆ, ಒಬ್ಬರೇ ಇರುವಾಗ ಮಗುವನ್ನು ಎತ್ತಿಕೊಂಡು ಇನ್ನೊಂದೇ ಕೈಯಲ್ಲಿ ಗಾಡಿ ಮಡಿಸಬೇಕಾಗುತ್ತದೆ. ಇದೊಂದೇ ಕಾರಣಕ್ಕೆ ಅರ್ಧದಷ್ಟು ಮಾದರಿಗಳು ಪಟ್ಟಿಯಿಂದ ಬಿದ್ದುಹೋಗುತ್ತವೆ.

ಗಾಡಿಯನ್ನು ಯಾರು ಯಾರು ತಳ್ಳುತ್ತಾರೆ ಎಂಬುದನ್ನೂ ಬರೆದುಕೊಳ್ಳಿ. ಮಂಡಿನೋವಿರುವ ಅಜ್ಜಿ ಹಗಲಿನಲ್ಲಿ ಮಗುವನ್ನು ನೋಡಿಕೊಳ್ಳುವುದಾದರೆ ಗಾಡಿ ಆರಿಸುವ ಹಕ್ಕಿನಲ್ಲಿ ಅವರಿಗೂ ದೊಡ್ಡ ಪಾಲಿರಬೇಕು. ಸಿಸೇರಿಯನ್ ಆದ ತಾಯಿ ಮೊದಲ ಕೆಲವು ವಾರ ಭಾರ ಎತ್ತುವಂತಿಲ್ಲ. ಅವರ ಮಟ್ಟಿಗೆ ತೂಕದ ಪ್ರಶ್ನೆ ಬರೀ ಅನುಕೂಲದ ಪ್ರಶ್ನೆಯಲ್ಲ.

ಹಂತ 2: ಮಗುವಿನ ಬೆನ್ನು ಮತ್ತು ಉಸಿರು

ಇಡೀ ಬರಹದಲ್ಲಿ ಒಂದೇ ಭಾಗ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ಕತ್ತು ನಿಲ್ಲದ ಕೂಸನ್ನು ಕುಳಿತ ಭಂಗಿಯಲ್ಲಿ ಇಟ್ಟರೆ ತಲೆ ಮುಂದಕ್ಕೆ ವಾಲಿ ಗದ್ದ ಎದೆಗೆ ತಾಗುತ್ತದೆ. ಶಿಶುವಿನ ಶ್ವಾಸನಾಳ ತೀರಾ ಕಿರಿದು, ಮೆತ್ತಗೆ. ಹಾಗೆ ಮಡಚಿಕೊಂಡಾಗ ಅದು ಮುಚ್ಚಿಕೊಳ್ಳಬಹುದು. ತಲೆ ಎತ್ತಿಕೊಳ್ಳುವ ಶಕ್ತಿ ಮಗುವಿಗೆ ಇರುವುದಿಲ್ಲ, ಅಳುವ ದನಿಯೂ ಬರುವುದಿಲ್ಲ. ಹೊರಗಿನಿಂದ ನೋಡುವವರಿಗೆ ಮಗು ಹಾಯಾಗಿ ಮಲಗಿದಂತೆಯೇ ಕಾಣುತ್ತದೆ. ಅದಕ್ಕೇ ಹುಟ್ಟಿದ ಮಗುವಿನ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಒರಗು (ಬೆನ್ನು ಆನಿಸುವ ಭಾಗ) ಎಷ್ಟು ಮಲಗುತ್ತದೆ ಎಂಬುದನ್ನು.

ಇಎನ್ 1888 ಎಂಬ ಯುರೋಪಿನ ಸ್ಟ್ರೋಲರ್ ಸುರಕ್ಷತಾ ಮಾನದಂಡದ ಪ್ರಕಾರ, ಆರು ತಿಂಗಳೊಳಗಿನ ಮಗುವಿಗೂ ಆಗುತ್ತದೆ ಎನ್ನಬೇಕಾದರೆ ಆಸನಕ್ಕೂ ಒರಗಿಗೂ ನಡುವಿನ ಕೋನ ಕನಿಷ್ಠ 150 ಡಿಗ್ರಿ ಇರಬೇಕು. ಪೂರ್ತಿ ಚಪ್ಪಟೆ ಎಂದರೆ 180 ಡಿಗ್ರಿ. 150 ಎನ್ನುವುದು ದಾಟಲೇಬೇಕಾದ ಗೆರೆ. ಆದಷ್ಟು ಚಪ್ಪಟೆಯಾದದ್ದನ್ನೇ ಆರಿಸಿ ಎನ್ನುವುದು ನನ್ನ ಮಾತು. ‘ಮಲಗುವ ಸೌಲಭ್ಯ ಇದೆ’ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ನಂಬಿಬಿಡಬೇಡಿ. ಎಷ್ಟೋ ಗಾಡಿಗಳಲ್ಲಿ ಅದು ಆರಾಮ ಕುರ್ಚಿಯಷ್ಟೇ ಹಿಂದಕ್ಕೆ ಹೋಗುತ್ತದೆ. ಕೈಪಿಡಿಯಲ್ಲಿ ‘ಹುಟ್ಟಿನಿಂದ’ ಎಂದಿದೆಯೋ ‘ಆರು ತಿಂಗಳಿಂದ’ ಎಂದಿದೆಯೋ, ಅದನ್ನು ಓದಿ.

ಎಳೆಗೂಸಿಗೆ ಮೂರು ದಾರಿಗಳಿವೆ. ಮೊದಲನೆಯದು ಚಪ್ಪಟೆ ತಳದ ತೊಟ್ಟಿಲಿನಂಥ ಕ್ಯಾರಿಕಾಟ್ ಇರುವ ಗಾಡಿ. ಬೆನ್ನಿಗೂ ಉಸಿರಿಗೂ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆದರೆ ಬಳಕೆಯ ಅವಧಿ ಕಡಿಮೆ. ಮಗು ತಾನಾಗಿ ಕೂರಲು, ಮಗುಚಿಕೊಳ್ಳಲು ಅಥವಾ ಕೈ ಮಂಡಿ ಊರಿ ಮೇಲೇಳಲು ಕಲಿಯಿತೆಂದರೆ ಕ್ಯಾರಿಕಾಟ್ ಬಿಡಬೇಕು. ಬಹುತೇಕ ಇವುಗಳ ತೂಕದ ಮಿತಿ 9 ಕೆ.ಜಿ. ಎರಡನೆಯದು ಒರಗು ಪೂರ್ತಿ ಮಲಗುವ ಸಾಮಾನ್ಯ ಸ್ಟ್ರೋಲರ್. ಮೂರನೆಯದು ಕಾರಿನ ಶಿಶು ಆಸನವನ್ನೇ ಕಿತ್ತು ಚೌಕಟ್ಟಿನ ಮೇಲೆ ಕೂರಿಸುವ ವ್ಯವಸ್ಥೆ. ಇದನ್ನು ಟ್ರಾವೆಲ್ ಸಿಸ್ಟಮ್ ಎನ್ನುತ್ತಾರೆ.

ಮೂರನೆಯದರ ಬಗ್ಗೆ ಎಚ್ಚರವಿರಲಿ. ನಿದ್ದೆ ಹೋದ ಮಗುವನ್ನು ಎಬ್ಬಿಸದೆ ಕಾರಿನಿಂದ ಗಾಡಿಗೆ ಸಾಗಿಸಬಹುದು ಎಂಬುದು ನಿಜ. ಆದರೆ ಕಾರಿನ ಆಸನವನ್ನು ರೂಪಿಸಿರುವುದು ಅಪಘಾತದಲ್ಲಿ ಜೀವ ಉಳಿಸಲು. ಅದರಲ್ಲಿ ಮಗು ಅರ್ಧ ಕುಳಿತೇ ಇರುತ್ತದೆ. ಒಂದೇ ಸಮನೆ ಎರಡು ಗಂಟೆಗಿಂತ ಹೆಚ್ಚು ಅದರಲ್ಲಿ ಇಡಬಾರದು ಎನ್ನುವುದು ಸಾಮಾನ್ಯವಾಗಿ ಕೊಡುವ ಸಲಹೆ. ಹುಟ್ಟಿದ ಹೊಸದರಲ್ಲಿ, ಅದರಲ್ಲೂ ಅವಧಿಗೆ ಮೊದಲೇ ಹುಟ್ಟಿದ ಮಗುವಿಗೆ, ಇನ್ನೂ ಕಡಿಮೆ. ಕಾರಿನಲ್ಲಿ ಒಂದು ಗಂಟೆ, ಇಳಿದ ಮೇಲೆ ಅದೇ ಆಸನದಲ್ಲಿ ಮತ್ತೊಂದು ಗಂಟೆ ಸುತ್ತಾಟ ಎಂದಾದರೆ ಲೆಕ್ಕ ಅಲ್ಲಿಗೇ ಮುಗಿಯಿತು. ತಲುಪಿದ ಕೂಡಲೇ ಮಗುವನ್ನು ಎತ್ತಿ ಚಪ್ಪಟೆ ಜಾಗದಲ್ಲಿ ಮಲಗಿಸಿ. ಎದ್ದರೆ ಏಳಲಿ.

ಒಂದು ಕ್ಯಾರಿಕಾಟನ್ನೂ ಕೊಳ್ಳದೆ, ಮೊದಲ ಐದಾರು ತಿಂಗಳು ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಜೋಳಿಗೆಯಲ್ಲೇ ಓಡಾಡಿಸಿ, ಕೂರುವ ವಯಸ್ಸಿಗೆ ಹಗುರ ಸ್ಟ್ರೋಲರ್ ತಂದುಕೊಂಡವರನ್ನೂ ಬಲ್ಲೆ. ಮೆಟ್ಟಿಲಿರುವ ಮನೆಯವರಿಗೆ ಇದು ಒಳ್ಳೆಯ ಯೋಚನೆ. ಜೋಳಿಗೆಯಲ್ಲೂ ಗದ್ದ ಎದೆಗೆ ಒತ್ತದಂತೆ, ಮುಖ ಬಟ್ಟೆಯಲ್ಲಿ ಹುದುಗದಂತೆ, ಬಗ್ಗಿದರೆ ನೆತ್ತಿಗೆ ಮುತ್ತು ಕೊಡುವಷ್ಟು ಹತ್ತಿರ ಇರುವಂತೆ ನೋಡಿಕೊಂಡರೆ ಸರಿ.

ಹಂತ 3: ಯಾವ ಜಾತಿಯ ಗಾಡಿ?

1965ರವರೆಗೆ ಮಗುವಿನ ಗಾಡಿ ಎಂದರೆ ಹೆಚ್ಚಾಗಿ ದೊಡ್ಡ ಚಕ್ರಗಳ ಭಾರೀ ಪ್ರ್ಯಾಮ್. ಆ ವರ್ಷ ಬ್ರಿಟನ್ನಿನ ಓವೆನ್ ಮೆಕ್ಲಾರೆನ್ ಎಂಬ ವಿಮಾನ ಎಂಜಿನಿಯರ್ ಅಲ್ಯೂಮಿನಿಯಂ ಕೊಳವೆಗಳಿಂದ, ಛತ್ರಿಯಂತೆ ಮಡಚಿಕೊಳ್ಳುವ ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದರು. ಅವರು ಹಿಂದೆ ಸ್ಪಿಟ್‌ಫೈರ್ ಯುದ್ಧವಿಮಾನದ ಇಳಿಚಕ್ರಗಳ ವಿನ್ಯಾಸದಲ್ಲಿ ಕೆಲಸ ಮಾಡಿದವರು. ಹಾರುವಾಗ ಒಳಕ್ಕೆ ಮಡಚಿಕೊಂಡು ಇಳಿಯುವಾಗ ಭಾರ ಹೊರುವ ಕಾಲುಗಳ ಬಗ್ಗೆ ತಲೆ ಕೆಡಿಸಿಕೊಂಡ ಅನುಭವ ಇಲ್ಲಿ ಉಪಯೋಗಕ್ಕೆ ಬಂತು. ಅವರ ಗಾಡಿ ಮೂರು ಕೆ.ಜಿ.ಗಿಂತ ಕಡಿಮೆ ತೂಗುತ್ತಿತ್ತು. ಇವತ್ತಿನ ‘ಅಂಬ್ರೆಲಾ’ ಸ್ಟ್ರೋಲರ್‌ಗಳೆಲ್ಲ ಅದರ ಸಂತತಿ.

ಆ ಸಂತತಿಯ ಗುಣವೂ ಮಿತಿಯೂ ಇವತ್ತಿಗೂ ಅವೇ: ಹಗುರ, ಅಗ್ಗ, ಬಾಗಿಲ ಹಿಂದೆ ಒರಗಿಸಿಡಬಹುದು. ಆದರೆ ಚಕ್ರ ಚಿಕ್ಕದು, ಒರಗು ಹೆಚ್ಚು ಮಲಗುವುದಿಲ್ಲ, ಎರಡು ಪ್ರತ್ಯೇಕ ಹಿಡಿಕೆಗಳಿರುವುದರಿಂದ ಒಂದೇ ಕೈಯಲ್ಲಿ ತಳ್ಳಿದರೆ ಸೊಟ್ಟಗೆ ಹೋಗುತ್ತದೆ. ಆರು ತಿಂಗಳು ದಾಟಿದ ಮಗುವಿಗೆ, ನುಣುಪು ದಾರಿಗೆ, ಪ್ರಯಾಣಕ್ಕೆ ಇದು ಸಾಕು.

ಪೂರ್ಣ ಗಾತ್ರದ ಸ್ಟ್ರೋಲರ್ 10ರಿಂದ 15 ಕೆ.ಜಿ. ತೂಗುತ್ತದೆ. ದೊಡ್ಡ ಚಕ್ರ, ಕುಲುಕಾಟ ತಡೆಯುವ ಸ್ಪ್ರಿಂಗ್, ಮಲಗುವ ಒರಗು, ದೊಡ್ಡ ಬುಟ್ಟಿ ಎಲ್ಲವೂ ಇರುತ್ತವೆ. ನೆಲಮಹಡಿಯವರಿಗೆ, ಲಿಫ್ಟ್ ಇರುವವರಿಗೆ, ದಿನವೂ ಮೈಲಿಗಟ್ಟಲೆ ನಡೆಯುವವರಿಗೆ ಇದು ಸರಿ.

ಇವೆರಡರ ನಡುವೆ ಕಾಂಪ್ಯಾಕ್ಟ್ ಸ್ಟ್ರೋಲರ್‌ಗಳಿವೆ. ತೂಕ 6ರಿಂದ 8 ಕೆ.ಜಿ., ಮಡಿಸಿದರೆ ಸೂಟ್‌ಕೇಸಿನಷ್ಟು. ಕೆಲವು ವಿಮಾನದ ತಲೆಮೇಲಿನ ಗೂಡಿನಲ್ಲೂ ಹಿಡಿಸುತ್ತವೆ. ಆದರೆ ಒಳಗೆ ಒಯ್ಯಬಹುದಾದ ಸಾಮಾನಿನ ಅಳತೆ ಒಂದೊಂದು ವಿಮಾನ ಕಂಪನಿಗೆ ಒಂದೊಂದು. ಮಡಿಸಿದ ಅಳತೆಯನ್ನು ನೀವು ಹೋಗುವ ಕಂಪನಿಯ ನಿಯಮದ ಜೊತೆ ಹೋಲಿಸಿ ನೋಡಿ. ಒಂದೇ ಗಾಡಿ ಕೊಳ್ಳುವುದಾದರೆ, ಒರಗು ಪೂರ್ತಿ ಮಲಗುವ ಕಾಂಪ್ಯಾಕ್ಟ್ ಹೆಚ್ಚಿನ ಮನೆಗಳಿಗೆ ಸರಿಹೊಂದುತ್ತದೆ ಎಂಬುದು ನನ್ನ ಅನುಭವ.

ಓಡುವವರಿಗೆಂದೇ ಮೂರು ಚಕ್ರದ ಜಾಗಿಂಗ್ ಗಾಡಿ ಇದೆ. ಮೂರು ಚಕ್ರ ಇದ್ದ ಮಾತ್ರಕ್ಕೆ ಗಾಡಿ ಓಡಲು ತಕ್ಕದ್ದಾಗುವುದಿಲ್ಲ. ಕೈಪಿಡಿಯಲ್ಲಿ ಓಟಕ್ಕೆಂದು ಸ್ಪಷ್ಟವಾಗಿ ಬರೆದಿರಬೇಕು, ಮುಂದಿನ ಚಕ್ರ ನೇರವಾಗಿ ಲಾಕ್ ಆಗಬೇಕು, ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪಟ್ಟಿ ಇರಬೇಕು. ಮುಂಚಕ್ರ ತಿರುಗುತ್ತಾ ಇದ್ದರೆ ಓಟದ ವೇಗಕ್ಕೆ ಅದು ಗಡಗಡ ನಡುಗಿ, ಒಂದು ಚಿಕ್ಕ ಕಲ್ಲಿಗೆ ಅಡ್ಡ ತಿರುಗಿ ಗಾಡಿ ಉರುಳಬಹುದು. ಕನಿಷ್ಠ ಆರು ತಿಂಗಳು ತುಂಬುವ ತನಕ ಮಗುವನ್ನು ಇದರಲ್ಲಿ ಕೂರಿಸಿ ಓಡಬೇಡಿ. ಆಮೇಲೂ ಮಕ್ಕಳ ವೈದ್ಯರನ್ನು ಒಂದು ಮಾತು ಕೇಳಿ.

ಅವಳಿ ಮಕ್ಕಳಿದ್ದರೆ ಪಕ್ಕಪಕ್ಕದ ಆಸನವೋ ಹಿಂದೆಮುಂದಿನ ಆಸನವೋ ಎಂಬ ಪ್ರಶ್ನೆ ಏಳುತ್ತದೆ. ಪಕ್ಕಪಕ್ಕದ್ದು ತಿರುಗಿಸಲು ಸುಲಭ, ಇಬ್ಬರಿಗೂ ಎದುರಿನ ನೋಟ ಸಿಗುತ್ತದೆ. ಆದರೆ ಅಗಲ 75 ಸೆಂ.ಮೀ. ಸುತ್ತಮುತ್ತ, ನಿಮ್ಮ ಬಾಗಿಲ ಅಳತೆ ಈಗ ನೆರವಿಗೆ ಬರುತ್ತದೆ. ಹಿಂದೆಮುಂದಿನದು ಬಾಗಿಲಲ್ಲಿ ನುಗ್ಗುತ್ತದೆ, ಆದರೆ ಉದ್ದ ಹೆಚ್ಚಾದ್ದರಿಂದ ಅಂಚುಗಲ್ಲು ಹತ್ತಿಸಲು ತೋಳಿನ ಬಲ ಬೇಕು.

ಹಂತ 4: ಚಕ್ರಗಳು

ಪಾದಚಾರಿ ದಾರಿಯ ಅಂಚಿಗೆ ಬಂದು ನಿಂತಾಗ ಚಕ್ರದ ಗಾತ್ರದ ಬೆಲೆ ತಿಳಿಯುತ್ತದೆ. ಅಡ್ಡ ಬಂದ ಕಲ್ಲು ಚಕ್ರದ ಅರ್ಧ ಎತ್ತರದಷ್ಟಿದ್ದರೆ, ನೇರ ಎಷ್ಟೇ ತಳ್ಳಿದರೂ ಚಕ್ರ ಅದನ್ನು ಹತ್ತುವುದಿಲ್ಲ. 12 ಸೆಂ.ಮೀ. ಚಕ್ರದ ಗಾಡಿ 6 ಸೆಂ.ಮೀ. ಎತ್ತರದ ಅಂಚಿಗೇ ಸೋಲುತ್ತದೆ, 25 ಸೆಂ.ಮೀ. ಚಕ್ರ ಅದನ್ನು ದಾಟುತ್ತದೆ. ಚಿಕ್ಕ ಚಕ್ರದ ಗಾಡಿಯಲ್ಲಿ ಪ್ರತಿ ಸಲವೂ ಹಿಡಿಕೆಯನ್ನು ಕೆಳಗೆ ಒತ್ತಿ ಮುಂಚಕ್ರ ಎತ್ತಬೇಕು. ಹಿಡಿಕೆ ಮೆತ್ತಗಿದ್ದು ಬಾಗಿದರೆ ಆ ಕೆಲಸ ಇನ್ನೂ ಕಷ್ಟ. ದಾರಿಯಲ್ಲಿ ಇಂಥ ಅಂಚುಗಳು ಎಷ್ಟಿವೆ ಎಂದು ನೀವು ಬರೆದ ಚೀಟಿ ಹೇಳುತ್ತದೆ.

ಗಾಳಿ ತುಂಬುವ ಟಯರು ಮಣ್ಣು ಜಲ್ಲಿಗಳಲ್ಲಿ ಅತ್ಯಂತ ಮೆತ್ತಗೆ ಸಾಗುತ್ತದೆ, ಆದರೆ ಪಂಕ್ಚರ್ ಆಗುತ್ತದೆ, ಪಂಪ್ ಬೇಕು. ಒಳಗೆ ಫೋಮ್ ತುಂಬಿದ ರಬ್ಬರ್ ಚಕ್ರ ನಡುದಾರಿ: ಪಂಕ್ಚರ್ ಇಲ್ಲ, ಕುಲುಕಾಟವೂ ಮಿತ. ಗಟ್ಟಿ ಪ್ಲಾಸ್ಟಿಕ್ ಚಕ್ರ ಒಡೆದ ದಾರಿಯಲ್ಲಿ ಪ್ರತಿ ಬಿರುಕನ್ನೂ ಮಗುವಿನ ಬೆನ್ನಿಗೆ ತಲುಪಿಸುತ್ತದೆ. ಅದನ್ನು ಒಳಾಂಗಣಕ್ಕೆ ಬಿಟ್ಟು ಬೇರೆಲ್ಲಿಗೂ ಒಪ್ಪಲಾರೆ. ಚಕ್ರದ ಅಚ್ಚಿಗೆ ಕೂದಲು, ದಾರ ಸುತ್ತಿಕೊಳ್ಳುತ್ತವೆ. ಚಕ್ರ ಗುಂಡಿ ಒತ್ತಿದರೆ ಬಿಚ್ಚಿಬರುವಂತಿದ್ದರೆ ಸ್ವಚ್ಛ ಮಾಡುವುದು ಸುಲಭ.

ಹಂತ 5: ಬೆಲ್ಟು, ಬ್ರೇಕು, ಮಡಿಸುವ ಕೀಲು

ಬೆಲ್ಟು ಐದು ಕಡೆ ಹಿಡಿಯುವಂಥದ್ದಿರಲಿ: ಎರಡು ಭುಜ, ಎರಡು ಸೊಂಟ, ಒಂದು ಕಾಲುಗಳ ನಡುವೆ. ಕಾಲ ನಡುವಿನ ಪಟ್ಟಿಯ ಮಹತ್ವ ಅನೇಕರಿಗೆ ಗೊತ್ತಿಲ್ಲ. ಅದು ಮಗು ಕೆಳಕ್ಕೆ ಜಾರದಂತೆ ತಡೆಯುತ್ತದೆ. ಮೈ ಜಾರಿ ತಲೆ ಮಾತ್ರ ಸಿಕ್ಕಿಕೊಂಡರೆ ಕತ್ತು ಒತ್ತಿ ಉಸಿರು ಕಟ್ಟುತ್ತದೆ. ಇದು ಬರೀ ಊಹೆಯಲ್ಲ. 2010ರಲ್ಲಿ ಅಮೆರಿಕದಲ್ಲಿ ಸುಮಾರು 20 ಲಕ್ಷ ಸ್ಟ್ರೋಲರ್‌ಗಳನ್ನು ಹಿಂಪಡೆಯಲಾಯಿತು. ಬೆಲ್ಟು ಹಾಕದ ಶಿಶುಗಳು ಮುಂದಿನ ಟ್ರೇಗೂ ಆಸನಕ್ಕೂ ನಡುವಿನ ಕಿಂಡಿಯಲ್ಲಿ ಜಾರಿ ಸಿಕ್ಕಿಬಿದ್ದು ನಾಲ್ಕು ಮಕ್ಕಳು ಸತ್ತಿದ್ದರು. ಮಗು ನಿದ್ದೆಯಲ್ಲಿದ್ದರೂ, ಎರಡೇ ನಿಮಿಷದ ದಾರಿಯಾದರೂ ಬೆಲ್ಟು ಹಾಕಿ. ಎದುರಿನ ಅಡ್ಡಕಂಬಿ ಮಗು ಹಿಡಿದುಕೊಳ್ಳಲು ಮಾತ್ರ, ಅದು ಬೆಲ್ಟಿನ ಬದಲಿ ಅಲ್ಲ.

ಭುಜದ ಪಟ್ಟಿಯ ಎತ್ತರ ಬದಲಿಸಲು ಬರಬೇಕು, ಅದು ಮಗುವಿನ ಭುಜದ ಮಟ್ಟಕ್ಕೆ ಇರಬೇಕು. ಬಕಲ್ ದೊಡ್ಡವರಿಗೆ ಒಂದೇ ಕೈಯಲ್ಲಿ ಬಿಚ್ಚುವಂತಿರಬೇಕು, ಎರಡು ವರ್ಷದ ಬೆರಳುಗಳಿಗೆ ಬಗ್ಗಬಾರದು.

ಬ್ರೇಕು ಒಂದೇ ಪೆಡಲಿನಿಂದ ಎರಡೂ ಹಿಂಚಕ್ರ ಹಿಡಿಯುವಂತಿದ್ದರೆ ಉತ್ತಮ. ಎರಡು ಪ್ರತ್ಯೇಕ ಪೆಡಲುಗಳಿದ್ದರೆ ಅವಸರದಲ್ಲಿ ಒಂದನ್ನು ಮರೆಯುತ್ತೇವೆ, ಗಾಡಿ ಬ್ರೇಕು ಬಿದ್ದ ಚಕ್ರದ ಸುತ್ತ ಮೆಲ್ಲಗೆ ತಿರುಗಿ ಇಳಿಜಾರು ಹಿಡಿಯುತ್ತದೆ. ಕಾಲಿನ ಮೇಲ್ಭಾಗದಿಂದ ಎತ್ತಿ ಬಿಡಿಸಬೇಕಾದ ಪೆಡಲು ಚಪ್ಪಲಿ ಹಾಕುವವರಿಗೆ ನೋವು ಕೊಡುತ್ತದೆ. ಒತ್ತಿ ಹಾಕಿ, ಒತ್ತಿಯೇ ಬಿಡಿಸುವಂಥದ್ದು ಸಿಗುತ್ತದೆ, ಅದನ್ನೇ ಹುಡುಕಿ. ರೈಲು ನಿಲ್ದಾಣದಲ್ಲಿ, ನೀರಿನ ದಡದಲ್ಲಿ, ರಸ್ತೆಯಂಚಿನಲ್ಲಿ ಬ್ರೇಕು ಹಾಕಿಯೂ ಒಂದು ಕೈ ಹಿಡಿಕೆಯ ಮೇಲಿರಲಿ.

ಮಡಿಸುವ ಕೀಲು ಬೆರಳನ್ನು ಕಡಿಯಬಲ್ಲದು. ಬರೀ ಜಜ್ಜುತ್ತದೆ ಎಂದುಕೊಳ್ಳಬೇಡಿ. 2009ರ ನವೆಂಬರಿನಲ್ಲಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಛತ್ರಿ ಮಾದರಿಯ ಸ್ಟ್ರೋಲರ್‌ಗಳ ಹಿಂಪಡೆತ ಘೋಷಣೆಯಾದದ್ದು ಇದೇ ಕಾರಣಕ್ಕೆ. ಕೀಲಿಗೆ ಬೆರಳು ಸಿಕ್ಕಿ ತುದಿ ತುಂಡಾದ 12 ಪ್ರಕರಣಗಳು ವರದಿಯಾಗಿದ್ದವು. ಕೀಲುಗಳ ಮೇಲೆ ಮುಚ್ಚಳ ಇದೆಯೇ ನೋಡಿ. ಮುಚ್ಚಳ ಇದ್ದರೂ ಗಾಡಿ ತೆರೆಯುವಾಗ, ಮಡಿಸುವಾಗ ಮಗು ಒಂದು ಮಾರು ದೂರ ಇರಲಿ. ತೆರೆದ ಮೇಲೆ ಲಾಕ್ ಕೂತಿದೆಯೇ ಎಂದು ಹಿಡಿಕೆ ಅಲುಗಿಸಿ ನೋಡಿ, ಆಮೇಲೆ ಮಗುವನ್ನು ಕೂರಿಸಿ. ತಾನಾಗಿ ಮಡಚಿಕೊಳ್ಳದಂತೆ ಎರಡನೆಯ ಲಾಕ್ ಇರುವ ಗಾಡಿಯನ್ನೇ ಆರಿಸಿ.

ಮಾನದಂಡದ ಗುರುತನ್ನು ಚೌಕಟ್ಟಿನ ಚೀಟಿಯಲ್ಲಿ ಹುಡುಕಿ. ಯುರೋಪಿನದು ಇಎನ್ 1888: ಅದರ ಮೊದಲ ಭಾಗ 15 ಕೆ.ಜಿ.ವರೆಗಿನ ಮಕ್ಕಳಿಗೆ, ಎರಡನೆಯ ಭಾಗ 22 ಕೆ.ಜಿ.ವರೆಗೆ. ಅಮೆರಿಕದ್ದು ಎಎಸ್‌ಟಿಎಂ ಎಫ್833, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನದು ಎಎಸ್/ಎನ್‌ಝಡ್‌ಎಸ್ 2088. ಯಾವ ಗುರುತೂ ಇಲ್ಲದ, ತಯಾರಕರ ಹೆಸರೇ ಇಲ್ಲದ ಗಾಡಿ ಎಷ್ಟೇ ಚೆಂದ ಕಂಡರೂ ಬಿಟ್ಟುಬಿಡಿ.

ಹಂತ 6: ಹಿಡಿಕೆ, ತೂಕ, ಬುಟ್ಟಿ

ಹಿಡಿಕೆ ಹಿಡಿದು ನಿಂತಾಗ ಮೊಣಕೈ ಸ್ವಲ್ಪ ಬಾಗಿರಬೇಕು, ಬೆನ್ನು ನೆಟ್ಟಗಿರಬೇಕು, ದಾಪುಗಾಲು ಹಾಕಿದರೂ ಕಾಲು ಹಿಂದಿನ ಅಚ್ಚಿಗೆ ತಾಗಬಾರದು. ಗಂಡ ಹೆಂಡತಿಯ ಎತ್ತರದಲ್ಲಿ ಒಂದು ಗೇಣು ವ್ಯತ್ಯಾಸವಿದ್ದರೆ ಎತ್ತರ ಬದಲಿಸುವ ಹಿಡಿಕೆಯೇ ಬೇಕು. ಇಲ್ಲದಿದ್ದರೆ ಒಬ್ಬರ ಸೊಂಟ ವರ್ಷಗಟ್ಟಲೆ ನೋಯುತ್ತದೆ.

ಬುಟ್ಟಿಯ ಬಗ್ಗೆ ಹೇಳಲೇಬೇಕಾದ ಒಂದು ಸಂಗತಿ ಇದೆ. ತಂಗಿ ಒಂದು ದಿನ ಹಿಡಿಕೆಗೆ ಎರಡು ಭಾರದ ಚೀಲ ನೇತುಹಾಕಿ, ಮಗುವನ್ನು ಎತ್ತಿಕೊಂಡಳು. ಗಾಡಿ ಹಿಂದಕ್ಕೆ ಮಗುಚಿ ಬಿತ್ತು. ಮಗು ಆಗಲೇ ಕೈಯಲ್ಲಿತ್ತು, ದೇವರು ದೊಡ್ಡವನು. ಹಿಡಿಕೆ ಹಿಂಚಕ್ರದ ಅಚ್ಚಿಗಿಂತ ಹಿಂದೆ ಚಾಚಿಕೊಂಡಿರುತ್ತದೆ. ಅಲ್ಲಿ ನೇತಾಡುವ ಭಾರ ಗಾಡಿಯನ್ನು ಹಿಂದಕ್ಕೆ ಎಳೆಯುತ್ತದೆ, ಮಗುವಿನ ತೂಕ ಅದನ್ನು ಮುಂದೆ ಹಿಡಿದಿಟ್ಟಿರುತ್ತದೆ. ಮಗುವನ್ನು ಎತ್ತಿದ ಗಳಿಗೆಗೆ ತಕ್ಕಡಿ ತಪ್ಪುತ್ತದೆ. ಮಗು ಒಳಗಿದ್ದು ಬೆನ್ನು ಕೊಟ್ಟು ಜಿಗಿದರೂ ಹಾಗೇ ಆಗಬಹುದು. ಭಾರವೆಲ್ಲ ಕೆಳಗಿನ ಬುಟ್ಟಿಗೇ ಹೋಗಲಿ. ಅದಕ್ಕೂ ಮಿತಿ ಇದೆ, ಎಷ್ಟೋ ಗಾಡಿಗಳಲ್ಲಿ 3ರಿಂದ 5 ಕೆ.ಜಿ. ಮಾತ್ರ. ಒರಗು ಮಲಗಿಸಿದಾಗಲೂ ಬುಟ್ಟಿಗೆ ಕೈ ಹೋಗುತ್ತದೆಯೇ ನೋಡಿ.

ಹಂತ 7: ಮಗುವಿನ ಮುಖ ಯಾವ ಕಡೆ?

ಕೆಲವು ಗಾಡಿಗಳಲ್ಲಿ ಆಸನವನ್ನು ತಳ್ಳುವವರ ಕಡೆಗೂ ರಸ್ತೆಯ ಕಡೆಗೂ ತಿರುಗಿಸಬಹುದು. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಸುಝೇನ್ ಝೀಡಿಕ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಗು ತನ್ನ ಕಡೆ ಮುಖ ಮಾಡಿದ್ದಾಗ ತಾಯಿ ಅದರ ಜೊತೆ ಸುಮಾರು ಎರಡು ಪಟ್ಟು ಹೆಚ್ಚು ಮಾತಾಡಿದ್ದು ಕಂಡುಬಂತು. ಇಪ್ಪತ್ತೇ ಮಕ್ಕಳ ಚಿಕ್ಕ ಪ್ರಯೋಗವಾದರೂ ಅದು ಹೇಳುವುದನ್ನು ನಾನು ಮನೆಯಲ್ಲೇ ಕಂಡಿದ್ದೇನೆ. ಮುಖ ಕಂಡರೆ ಮಾತು ತಾನಾಗಿ ಬರುತ್ತದೆ. ಮೊದಲ ಒಂದು ವರ್ಷವಾದರೂ ಮಗು ನಿಮ್ಮನ್ನು ನೋಡುವಂತಿದ್ದರೆ ಅದರ ಉಸಿರು, ಬಣ್ಣ, ನಿದ್ದೆ, ಬಾಯಿಗೆ ಹಾಕಿಕೊಂಡ ವಸ್ತು ಎಲ್ಲವೂ ಕಣ್ಣೆದುರೇ ಇರುತ್ತವೆ. ಒಂದೂವರೆ ವರ್ಷದ ಹೊತ್ತಿಗೆ ಮಗುವೇ ರಸ್ತೆ ನೋಡಲು ಕತ್ತು ತಿರುಗಿಸತೊಡಗುತ್ತದೆ. ತಿರುಗಿಸುವ ಸೌಲಭ್ಯ ತೂಕವನ್ನೂ ಬೆಲೆಯನ್ನೂ ಏರಿಸುತ್ತದೆ. ಅದಿಲ್ಲದ ಗಾಡಿಯೇ ನಿಮಗೆ ಹೊಂದಿದರೆ ಚಾವಣಿಯಲ್ಲಿ ಇಣುಕುಕಿಂಡಿ ಇರಲಿ.

ಹಂತ 8: ನೆರಳು ಮತ್ತು ಗಾಳಿ

ಚಾವಣಿ ಎದುರಿನ ಅಡ್ಡಕಂಬಿಯ ತನಕ ಚಾಚಬೇಕು, ಬಟ್ಟೆ ದಪ್ಪವಿರಬೇಕು, ಹಿಂಬದಿ ಜಾಲರಿಯಾಗಿ ಗಾಳಿಯಾಡಬೇಕು.

ಬಿಸಿಲಿದೆ ಎಂದು ಗಾಡಿಯ ಮೇಲೆ ಒಣ ಹೊದಿಕೆಯೋ ಬಟ್ಟೆಯೋ ಹಾಕಿ ಮುಚ್ಚುವ ಅಭ್ಯಾಸವನ್ನು ದಯವಿಟ್ಟು ಬಿಡಿ. ತೆಳು ಬಟ್ಟೆಯಾದರೂ ಗಾಳಿ ನಿಲ್ಲುತ್ತದೆ, ಒಳಗೆ ಕಾವು ಕಟ್ಟುತ್ತದೆ. 2023ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಬೇಸಿಗೆಯಲ್ಲಿ ಅಳೆದು ನೋಡಿದಾಗ, ಒಣ ಬಟ್ಟೆ ಮುಚ್ಚಿದ ಗಾಡಿಯೊಳಗಿನ ಉಷ್ಣತೆ ಹೊರಗಿಗಿಂತ ಸುಮಾರು 4 ಡಿಗ್ರಿಯಷ್ಟು ಏರಿತ್ತು. ತೆಳು ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ ಹಾಕಿ, ಚಿಕ್ಕ ಫ್ಯಾನ್ ಸಿಕ್ಕಿಸಿದಾಗ ಸುಮಾರು 5 ಡಿಗ್ರಿ ಇಳಿದಿತ್ತು. ಬಟ್ಟೆ ಒಣಗುತ್ತಿದ್ದಂತೆ ಮತ್ತೆ ಒದ್ದೆ ಮಾಡುತ್ತಿರಬೇಕು, ಮಗುವನ್ನು ಇಣುಕಿ ನೋಡುತ್ತಿರಬೇಕು. ಮಗುವಿನ ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಿದರೆ ಕಾವು ತಿಳಿಯುತ್ತದೆ. ಅಂಗೈ ಅಂಗಾಲು ನೋಡಿ ನಿರ್ಧರಿಸಬೇಡಿ.

ಮಳೆಗೆ ಹಾಕುವ ಪ್ಲಾಸ್ಟಿಕ್ ಹೊದಿಕೆಗೆ ಗಾಳಿಕಿಂಡಿ ಇರಲೇಬೇಕು. ಮಳೆ ನಿಂತ ಕೂಡಲೇ, ಒಳಾಂಗಣಕ್ಕೆ ಬಂದ ಕೂಡಲೇ ತೆಗೆಯಿರಿ.

ಹಂತ 9: ಅಂಗಡಿಯಲ್ಲಿ ಪರೀಕ್ಷೆ

ಖಾಲಿ ಗಾಡಿ ತಳ್ಳಿ ನೋಡಿದರೆ ಏನೂ ತಿಳಿಯುವುದಿಲ್ಲ. ಮಗು ಜೊತೆಗಿಲ್ಲದಿದ್ದರೆ ಐದೈದು ಲೀಟರಿನ ಎರಡು ನೀರಿನ ಕ್ಯಾನ್ ತೆಗೆದುಕೊಂಡು ಹೋಗಿ ಆಸನದಲ್ಲಿಟ್ಟು ಬೆಲ್ಟು ಹಾಕಿ. ಅಲ್ಲಿಗೆ 10 ಕೆ.ಜಿ., ವರ್ಷದ ಮಗುವಿನ ತೂಕದಷ್ಟಾಯಿತು.

ಈಗ ಒಂದೇ ಕೈಯಲ್ಲಿ ನೇರ ತಳ್ಳಿ, ಎಂಟರ ಆಕಾರದಲ್ಲಿ ತಿರುಗಿಸಿ. ಬಾಗಿಲ ಹೊರಗೆ ಕರೆದೊಯ್ಯಲು ಅನುಮತಿ ಕೇಳಿ, ಒರಟು ನೆಲದ ಮೇಲೆ ಉರುಳಿಸಿ. ಒಂದು ಮೆಟ್ಟಿಲು ಹತ್ತಿಸಿ, ಇಳಿಸಿ. ಇಳಿಜಾರಿನಲ್ಲಿ ಬ್ರೇಕು ಹಾಕಿ, ಕೈ ತೀರಾ ಹತ್ತಿರವೇ ಇಟ್ಟುಕೊಂಡು, ಗಾಡಿಯ ಮುಖ ಮೇಲಕ್ಕೂ ಕೆಳಕ್ಕೂ ಮಾಡಿ ಎರಡು ಸಲ ನೋಡಿ. ಆಮೇಲೆ ಕ್ಯಾನ್‌ಗಳನ್ನು ಇಳಿಸಿ, ಒಂದನ್ನು ಎಡಗೈಯಲ್ಲಿ ಮಗುವಿನಂತೆ ಎತ್ತಿಕೊಂಡು, ಬಲಗೈಯೊಂದರಿಂದಲೇ ಗಾಡಿ ಮಡಿಸಿ, ಎತ್ತಿ ಇಪ್ಪತ್ತು ಹೆಜ್ಜೆ ನಡೆಯಿರಿ. ಅಂಗಡಿಯವರು ಕೈಚಳಕದಿಂದ ಎರಡು ಸೆಕೆಂಡಿನಲ್ಲಿ ಮಡಿಸಿ ತೋರಿಸುತ್ತಾರೆ, ಅದು ಅವರ ದಿನನಿತ್ಯದ ಕೆಲಸ. ನಿಮ್ಮ ಕೈ ಮೂರನೇ ಪ್ರಯತ್ನಕ್ಕೂ ತಡವರಿಸಿದರೆ ಬಸ್ಸಿನ ಬಾಗಿಲಲ್ಲಿಯೂ ತಡವರಿಸುತ್ತದೆ. ಮಡಿಸಿದ ಗಾಡಿ ತಾನಾಗಿ ನಿಲ್ಲುತ್ತದೆಯೇ, ಬಟ್ಟೆ ನೆಲಕ್ಕೆ ತಾಗುತ್ತದೆಯೇ ಎಂದೂ ನೋಡಿ. ಕಾರು ತಂದಿದ್ದರೆ ಡಿಕ್ಕಿಯಲ್ಲಿಟ್ಟೇ ನೋಡಿ.

ಬಟ್ಟೆ ಬಿಚ್ಚಿ ಒಗೆಯಲು ಬರಬೇಕು. ಇದನ್ನು ಕೇಳಲು ಮರೆತರೆ ಮೊದಲ ಸಲ ಮಗು ವಾಂತಿ ಮಾಡಿಕೊಂಡ ದಿನ ಪರದಾಡುತ್ತೀರಿ.

ಬಳಸಿದ ಗಾಡಿ ಕೊಳ್ಳುವುದಾದರೆ

ಹಿಂಜರಿಯಬೇಕಾಗಿಲ್ಲ. ಒಳ್ಳೆಯ ಚೌಕಟ್ಟು ಎರಡು ಮೂರು ಮಕ್ಕಳಿಗೆ ಬಾಳುತ್ತದೆ. ಮಾದರಿ ಸಂಖ್ಯೆ ಮತ್ತು ತಯಾರಾದ ತಿಂಗಳು ಚೌಕಟ್ಟಿನ ಚೀಟಿಯಲ್ಲಿರುತ್ತವೆ. ಅವನ್ನು ಬರೆದುಕೊಂಡು ತಯಾರಕರ ಜಾಲತಾಣದಲ್ಲಿ ಆ ಮಾದರಿ ಹಿಂಪಡೆಯಲ್ಪಟ್ಟಿದೆಯೇ ಎಂದು ನೋಡಿ. ಚೀಟಿಯನ್ನೇ ಕಿತ್ತಿದ್ದರೆ ಬೇಡ. ಕೀಲುಗಳ ಸುತ್ತ ಬಿರುಕು, ಬೆಸುಗೆಯ ಬಳಿ ತುಕ್ಕು, ಹರಿದ ಪಟ್ಟಿ, ಸಡಿಲವಾದ ಬಕಲ್, ಅಲುಗಾಡುವ ಹಿಂಚಕ್ರ, ಇವುಗಳಲ್ಲಿ ಯಾವುದಿದ್ದರೂ ಬಿಡಿ. ಬಟ್ಟೆ ಮಾಸಿದ್ದರೆ ಚಿಂತೆಯಿಲ್ಲ, ಒಗೆದರೆ ಹೋಗುತ್ತದೆ. ಕಾರಿನ ಶಿಶು ಆಸನ ಸೇರಿದ್ದರೆ ಅದನ್ನು ಮಾತ್ರ ಬೇರೆಯಾಗಿ ಯೋಚಿಸಿ. ಅಪಘಾತ ಕಂಡ ಆಸನದ ಒಳಗಿನ ಪೆಟ್ಟು ಕಣ್ಣಿಗೆ ಕಾಣುವುದಿಲ್ಲ, ಅದರ ಹಿಂದಿನ ಕತೆ ಗೊತ್ತಿಲ್ಲದಿದ್ದರೆ ಮುಟ್ಟಬೇಡಿ.

ಮನೆಗೆ ತಂದ ಮೇಲೆ

ಮಗುವನ್ನು ಕೂರಿಸುವ ಮೊದಲು ಕ್ಯಾನ್‌ಗಳ ಜೊತೆ ಎರಡು ದಿನ ಓಡಾಡಿಸಿ. ಮೆಟ್ಟಿಲು, ಲಿಫ್ಟ್, ಅಂಚುಗಲ್ಲು ಎಲ್ಲವನ್ನೂ ನಿಮ್ಮ ಚೀಟಿಯ ಪ್ರಕಾರ ದಾಟಿಸಿ. ಹಿಂದಿರುಗಿಸಲು ಅವಕಾಶವಿರುವ ದಿನಗಳಲ್ಲೇ ಇದು ಮುಗಿಯಲಿ, ಡಬ್ಬಿಯನ್ನೂ ರಸೀದಿಯನ್ನೂ ಅಲ್ಲಿಯವರೆಗೆ ಎಸೆಯಬೇಡಿ. ತಯಾರಕರಲ್ಲಿ ಗಾಡಿಯನ್ನು ನೋಂದಾಯಿಸಿ, ಮುಂದೆ ಹಿಂಪಡೆತದ ಸುದ್ದಿ ಬಂದರೆ ಅವರು ನಿಮಗೆ ತಿಳಿಸುವುದು ಆ ನೋಂದಣಿಯಿಂದಲೇ. ತಿಂಗಳಿಗೊಮ್ಮೆ ಸ್ಕ್ರೂ, ಬ್ರೇಕು, ಬಕಲ್ ನೋಡಿ. ಗಾಳಿಯ ಟಯರಾದರೆ ಅದರ ಬದಿಯಲ್ಲೇ ಅಚ್ಚಾಗಿರುವ ಒತ್ತಡದ ಸಂಖ್ಯೆಗೆ ತಕ್ಕಂತೆ ಗಾಳಿ ತುಂಬಿಸಿ. ಮಗು ಬೆಳೆದಂತೆ ಭುಜದ ಪಟ್ಟಿಯನ್ನು ಒಂದೊಂದು ಹಂತ ಮೇಲಕ್ಕೆ ಏರಿಸುತ್ತಾ ಬನ್ನಿ.